ಉಸಿರು ಮೊದಲೋ, ಹೃದಯ ಮೊದಲೋ? - ಹೈದರಾಬಾದಿನ ಪ್ರಯೋಗ ಕಲಿಸುವ ಪಾಠ



ಸಿಂಧನೂರಿನ ಕಾಲುವೆಯ ಮೀನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕಿವಿರುಗಳ ಮೂಲಕ ಪಡೆಯುತ್ತದೆ. ಭತ್ತದ ಗದ್ದೆಯ ಕಪ್ಪೆ ಗಂಟಲನ್ನು ಏರಿಳಿಸಿ ಗಾಳಿಯನ್ನು ಒಳಗೆ ತಳ್ಳುತ್ತದೆ. ತೇವವಾದ ಚರ್ಮದಿಂದಲೂ ಉಸಿರಾಡುತ್ತದೆ. ಮಸ್ಕಿಯ ಪಾರಿವಾಳಕ್ಕೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಇವೆ. ಆದರೆ ಲಿಂಗಸುಗೂರಿನ ಸಂತೆಗೆ ಬರುವ ಕುರಿಗೂ, ಬೀದಿಯ ನಾಯಿಗೂ ನಮ್ಮಂತೆಯೇ ಶ್ವಾಸಕೋಶಗಳಿವೆ, ಅವುಗಳ ಕೆಳಗೆ ವಪೆ ಇದೆ. ಹಾಗಾದರೆ ನಾಯಿಯ ಉಸಿರನ್ನು ಪರೀಕ್ಷಿಸಿ ಮನುಷ್ಯನ ಬಗ್ಗೆ ತೀರ್ಪು ಹೇಳಬಹುದೇ?

ಈ ಪ್ರಶ್ನೆ ಬಹಳ ಹಳೆಯದು. ಗ್ರೀಕ್ ವೈದ್ಯ ಗ್ಯಾಲೆನ್ ಕೋತಿ, ಹಂದಿಗಳನ್ನು ಕೊಯ್ದು ಮನುಷ್ಯನ ದೇಹರಚನೆಯನ್ನು ವಿವರಿಸಿದ. ಹೃದಯದ ನಡುಗೋಡೆಯ ಕಾಣದ ರಂಧ್ರಗಳ ಮೂಲಕ ರಕ್ತ ಬಲದಿಂದ ಎಡಕ್ಕೆ ಸಾಗುತ್ತದೆ ಎಂದ. ಸಾವಿರ ವರ್ಷಗಳ ನಂತರ, 13ನೇ ಶತಮಾನದಲ್ಲಿ, ಇಬ್ನ್ ಅಲ್-ನಫೀಸ್ ಅದನ್ನು ಒಪ್ಪಲಿಲ್ಲ. ಆ ಗೋಡೆಯಲ್ಲಿ ದಾರಿಯಿಲ್ಲ, ರಕ್ತವು ಶ್ವಾಸಕೋಶಕ್ಕೆ ಹೋಗಿ ಗಾಳಿಯೊಂದಿಗೆ ಬೆರೆತು ಬರುತ್ತದೆ ಎಂದು ಅವರು ಬರೆದರು.

ಇದೇ ಪ್ರಶ್ನೆ ಮುಂದೆ ನಮ್ಮ ನಾಡಿನ ರಾಜಧಾನಿಯಲ್ಲೇ ಎದ್ದಿತು. ಆಗ ಈ ಮೂರೂ ಊರುಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. 1847ರಲ್ಲಿ ಸ್ಕಾಟ್ಲೆಂಡಿನ ಸಿಂಪ್ಸನ್ ಶಸ್ತ್ರಚಿಕಿತ್ಸೆಯ ನೋವು ತಪ್ಪಿಸಲು ಕ್ಲೋರೋಫಾರಂ ಬಳಕೆಗೆ ತಂದರು. ಮರುವರ್ಷವೇ ಹನ್ನಾ ಗ್ರೀನರ್ ಎಂಬ 15 ವರ್ಷದ ಬಾಲಕಿ ಅದರಿಂದ ಮೃತಪಟ್ಟಳು. ಮೊದಲು ನಿಲ್ಲುವುದು ಉಸಿರೋ, ಹೃದಯವೋ ಎಂದು ವೈದ್ಯರಲ್ಲಿ ವಿವಾದ ಬೆಳೆಯಿತು. ವೈದ್ಯ ಯಾವುದರ ಮೇಲೆ ಕಣ್ಣಿಡಬೇಕು ಎಂಬುದು ಅದರಿಂದಲೇ ತೀರ್ಮಾನವಾಗಬೇಕಿತ್ತು.

1888ರಲ್ಲಿ ಹೈದರಾಬಾದಿನ ವೈದ್ಯಾಧಿಕಾರಿ ಎಡ್ವರ್ಡ್ ಲಾರಿಯವರ ನೇತೃತ್ವದಲ್ಲಿ ಕ್ಲೋರೋಫಾರಂ ಆಯೋಗ ರಚನೆಯಾಯಿತು. 141 ನಾಯಿಗಳ ಮೇಲೆ ಪ್ರಯೋಗ ನಡೆಯಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಪೂರ್ತಿ ನಂಬಲಿಲ್ಲ. ಆಗ 6ನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ 1,000 ಪೌಂಡ್ ನೀಡಿ, ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಅವರನ್ನು ಕರೆಸಿತು. 1889ರ ಎರಡನೇ ಆಯೋಗ ನಾಯಿ, ಕೋತಿ, ಕುದುರೆ, ಮೇಕೆ ಮುಂತಾದ 400ಕ್ಕೂ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಿತು. ಉಸಿರೇ ಮೊದಲು ನಿಲ್ಲುತ್ತದೆ. ಉಸಿರನ್ನು ಗಮನಿಸಿದರೆ ಸಾಕು, ಅಪಾಯವಿಲ್ಲ ಎಂಬುದು ಅದರ ತೀರ್ಪು.

ಆದರೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸಾವುಗಳು ನಿಲ್ಲಲಿಲ್ಲ. 1911ರಲ್ಲಿ ಎ. ಜಿ. ಲೆವಿ ಎಂಬ ವೈದ್ಯರು ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ಕಾರಣವನ್ನು ತೋರಿಸಿದರು. ಕ್ಲೋರೋಫಾರಂ ಅತಿಯಾದಾಗ ಉಸಿರು ಮೊದಲು ನಿಲ್ಲುವುದು ನಿಜ. ಆದರೆ ಪ್ರಮಾಣ ಕಡಿಮೆಯಿದ್ದಾಗ, ದೇಹ ಉದ್ವೇಗಗೊಂಡಾಗ, ಹೃದಯದ ಬಡಿತವೇ ಗತಿ ತಪ್ಪಿ ಹಠಾತ್ತನೆ ನಿಲ್ಲಬಹುದು. ಹೆದರಿದ ರೋಗಿಯ ಸ್ಥಿತಿ ಅದೇ ಅಲ್ಲವೇ?

ಆಯೋಗ ಕಂಡದ್ದು ಸುಳ್ಳಲ್ಲ. ಒಂದು ಸ್ಥಿತಿಯಲ್ಲಿ ಕಂಡದ್ದನ್ನು ಎಲ್ಲ ಸ್ಥಿತಿಗೂ, ಎಲ್ಲ ಮನುಷ್ಯರಿಗೂ ಅನ್ವಯಿಸಿದ್ದೇ ತಪ್ಪು. ಇಂದು ಅರಿವಳಿಕೆ ತಜ್ಞರು ಉಸಿರು, ಹೃದಯ ಎರಡನ್ನೂ ಎಡೆಬಿಡದೆ ಗಮನಿಸುತ್ತಾರೆ.

ವಿಜ್ಞಾನಕ್ಕೆ ನೆರವು ನೀಡಿದ ಸಂಸ್ಥಾನದ ವಾರಸುದಾರರು ನೀವು. ಗ್ಯಾಲೆನ್‌ನ ಮಾತನ್ನೂ ಪ್ರಶ್ನಿಸಿದ ಇಬ್ನ್ ಅಲ್-ನಫೀಸರ ಪರಂಪರೆಯೂ ನಿಮ್ಮದೇ. ಪ್ರಯೋಗಾಲಯದಲ್ಲಿ ಒಂದು ಫಲಿತಾಂಶ ಬಂದಾಗ, ಇದು ಎಲ್ಲಿಯವರೆಗೆ ಸತ್ಯ ಎಂದು ಒಮ್ಮೆ ಕೇಳಿಕೊಳ್ಳಿರಿ. ಆ ಒಂದು ಪ್ರಶ್ನೆ ನಾಳೆ ಯಾರದೋ ಉಸಿರನ್ನು ಉಳಿಸೀತು.