ತಂತಿ ಪಂದ್ಯದಲ್ಲಿ ಇವಾನ್ಸ್ ಗ್ಯಾಂಬಿಟ್: ಚದುರಂಗದ ಒಂದು ಆರಂಭ ವಿಚಾರದ ಪರೀಕ್ಷೆ

ಚದುರಂಗದಲ್ಲಿ ಒಂದು ಆರಂಭ ವಿಚಾರ ಸರಿಯೋ ತಪ್ಪೋ ಎಂಬುದನ್ನು ಆಟದ ಫಲಿತಾಂಶ ಒಂದೇ ನಿರ್ಧರಿಸಲಾರದು. ಒಳ್ಳೆಯ ಸ್ಥಿತಿ ಪಡೆದವನೂ ಗಡಿಯಾರದ ಒತ್ತಡದಲ್ಲಿ ಎಡವಿ ಸೋಲಬಹುದು. ಹಾಗಾಗಿ ಪರೀಕ್ಷಕನು ಆಟಗಾರನ ಚಾತುರ್ಯವನ್ನೂ ವಿಚಾರದ ಸತ್ವವನ್ನೂ ಬೇರ್ಪಡಿಸಿ ನೋಡಬೇಕು. 1890–91ರಲ್ಲಿ ಸ್ಟೈನಿಟ್ಜ್ ಮತ್ತು ರಷ್ಯಾದ ಆಟಗಾರ ಚಿಗೋರಿನ್ ನಡುವೆ ನಡೆದ ತಂತಿ ಪಂದ್ಯ ಇದಕ್ಕೆ ಮಹತ್ವದ ನಿದರ್ಶನವೆಂಬುದು ಈ ಲೇಖನದ ವಾದ.

ಮಿಲ್‌ಫರ್ಡ್ ಹೇವನ್ ಮತ್ತು ವಾಟರ್‌ಫರ್ಡ್ ನಡುವೆ ಅಂಚೆ ಹಡಗು ನಡೆಸುತ್ತಿದ್ದ ವೇಲ್ಸ್‌ನ ಕ್ಯಾಪ್ಟನ್ ವಿಲಿಯಂ ಡೇವಿಸ್ ಇವಾನ್ಸ್ 1820ರ ದಶಕದಲ್ಲಿ ಇವಾನ್ಸ್ ಗ್ಯಾಂಬಿಟ್ ಎಂಬ ಆರಂಭ ವಿಚಾರವನ್ನು ರೂಪಿಸಿದರು. ಇಟಾಲಿಯನ್ ಆರಂಭದ ನಾಲ್ಕನೆಯ ನಡೆಯಲ್ಲಿ ಬಿಳಿ ತನ್ನ ಕಾಲಾಳನ್ನು ಬಿ4ಕ್ಕೆ ಇಟ್ಟು ಬಲಿ ಕೊಡುತ್ತದೆ. ಕಪ್ಪು ಒಂಟೆ ಅದನ್ನು ಹೊಡೆದರೆ ಸಿ3 ನಡೆ ಆ ಒಂಟೆಯನ್ನು ಮತ್ತೆ ಕದಲಿಸುತ್ತದೆ, ಜೊತೆಗೇ ಡಿ4ಕ್ಕೆ ದಾರಿ ಮಾಡುತ್ತದೆ. ಒಂದು ಕಾಲಾಳಿನ ಬೆಲೆಗೆ ಬಿಳಿಗೆ ಸಮಯ ಮತ್ತು ಹಲಗೆಯ ನಡುವಿನ ಮನೆಗಳು ದಕ್ಕುತ್ತವೆ. 1834ರ ಮೆಕ್‌ಡೊನೆಲ್–ಲಾ ಬೂರ್ಡೊನೆ ಪಂದ್ಯಗಳು ಇದಕ್ಕೆ ಪ್ರಸಿದ್ಧಿ ತಂದವು. ಆಂಡರ್ಸನ್ 1852ರಲ್ಲಿ ಬರ್ಲಿನ್‌ನಲ್ಲಿ ಗೆದ್ದ 'ನಿತ್ಯಹಸಿರು ಆಟ'ವೂ ಇದೇ ಆರಂಭದ್ದು.

ಈ ಮೆರುಗನ್ನು ಪ್ರಶ್ನಿಸಿದವರು ವಿಶ್ವ ಚಾಂಪಿಯನ್ ವಿಲ್ಹೆಲ್ಮ್ ಸ್ಟೈನಿಟ್ಜ್. ದೌರ್ಬಲ್ಯವಿಲ್ಲದ ಸ್ಥಿತಿಯ ಮೇಲೆ ದಾಳಿ ಫಲಿಸದು, ಕಾಲಾಳನ್ನು ಉಳಿಸಿಕೊಂಡೇ ಕಪ್ಪು ತಡೆದುಕೊಳ್ಳಬಹುದು ಎಂಬುದು ಅವರ ನಿಲುವು. ಆರನೆಯ ನಡೆಯಲ್ಲಿ ರಾಣಿಯನ್ನು ಎಫ್6ಕ್ಕೆ ತರುವುದು ಅವರ ಉತ್ತರ. 1889ರಲ್ಲಿ ಹವಾನಾದಲ್ಲಿ ಚಿಗೋರಿನ್ ವಿರುದ್ಧ ಅವರು ಪ್ರಶಸ್ತಿ ಉಳಿಸಿಕೊಂಡರಾದರೂ ಆರಂಭದ ವಿವಾದ ಬಗೆಹರಿಯಲಿಲ್ಲ.

ಅದನ್ನು ಬಗೆಹರಿಸಲೆಂದೇ ನ್ಯೂಯಾರ್ಕ್ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ನಡುವೆ ತಂತಿಯ ಮೂಲಕ ಎರಡು ಆಟಗಳು ನಡೆದವು. ವಿವಾದಿತ ಸ್ಥಿತಿಗಳನ್ನು ಮೊದಲೇ ಒಪ್ಪಿಕೊಂಡು ಆಟ ಮುಂದುವರಿಸಲಾಯಿತು. ಪ್ರತಿ ನಡೆಗೂ ದಿನಗಟ್ಟಲೆ ಯೋಚಿಸಲು ಅವಕಾಶವಿದ್ದುದರಿಂದ ಅವಸರದ ತಪ್ಪಿಗೆ ನೆಪವೇ ಇರಲಿಲ್ಲ. ಇವಾನ್ಸ್ ಆಟದಲ್ಲಿ ಬಿಳಿ ಕಾಲಾಳು ಡಿ5ಕ್ಕೆ ನುಗ್ಗಿದಾಗ ಕಪ್ಪು ಕುದುರೆ ಡಿ8ಕ್ಕೆ ಹಿಮ್ಮೆಟ್ಟಿತು. ಬಳಿಕ ಎಫ್6ರಿಂದ ಡಿ6ಕ್ಕೆ ಸರಿದ ಕಪ್ಪು ರಾಣಿ ತನ್ನ ಪಡೆಗೇ ಅಡ್ಡವಾಯಿತು. ಚಿಗೋರಿನ್ ಎರಡೂ ಆಟ ಗೆದ್ದರು. ಅದೇ ಅವಧಿಯಲ್ಲಿ ವಿಶ್ವ ಪ್ರಶಸ್ತಿ ಪಂದ್ಯದ ಎದುರಾಳಿ ಗುನ್ಸ್‌ಬರ್ಗ್ ಕೂಡ ಸ್ಟೈನಿಟ್ಜ್‌ರ ಇದೇ ರಕ್ಷಣೆಯನ್ನು ಹಲಗೆಯೆದುರು ಕೂತು 24 ನಡೆಗಳಲ್ಲಿ ಮುರಿದರು.

ಇಲ್ಲಿ ಬಿದ್ದುಹೋದದ್ದು ಒಂದು ಉತ್ತರ ಮಾತ್ರ. ಗ್ಯಾಂಬಿಟ್ ನಿರ್ದೋಷವೆಂದು ಇದರಿಂದ ಸಿದ್ಧವಾಗಲಿಲ್ಲ. 1890ರ ದಶಕದಲ್ಲಿ ಎಮಾನ್ಯುಯೆಲ್ ಲಾಸ್ಕರ್ ಪ್ರಶ್ನೆಯನ್ನೇ ಬದಲಿಸಿದರು: ಕಾಲಾಳನ್ನು ಉಳಿಸಿಕೊಳ್ಳುವ ಹಟವೇಕೆ? ಕಪ್ಪು ಡಿ6 ಆಡಿ, ಒಂಟೆಯನ್ನು ಬಿ6ಕ್ಕೆ ಸರಿಸಿ, ಕಾಲಾಳನ್ನು ಮರಳಿಸಲು ಸಿದ್ಧವಾಗುತ್ತದೆ. ಬಿಳಿ ಅದನ್ನು ತೆಗೆದುಕೊಂಡರೆ ರಾಣಿಗಳು ಹಲಗೆಯಿಂದ ಹೋಗಿ ದಾಳಿ ಕರಗುತ್ತದೆ. ಎ ಮತ್ತು ಸಿ ಸಾಲುಗಳಲ್ಲಿ ಬಿಳಿಯ ಒಂಟಿ ಕಾಲಾಳುಗಳು ದುರ್ಬಲವಾಗಿ ಉಳಿಯುತ್ತವೆ. ಅಗ್ರ ಪಂದ್ಯಗಳಲ್ಲಿ ಈ ಗ್ಯಾಂಬಿಟ್ ವಿರಳವಾಗಲು ಇದೊಂದು ಮುಖ್ಯ ಕಾರಣ.

ಆದರೂ 1995ರಲ್ಲಿ ರಿಗಾದಲ್ಲಿ ಕ್ಯಾಸ್ಪರೋವ್ ಇದನ್ನು ವಿಶ್ವನಾಥನ್ ಆನಂದ್ ವಿರುದ್ಧ ಆಡಿ 25 ನಡೆಗಳಲ್ಲಿ ಗೆದ್ದರು. ಆನಂದ್ ಒಂಟೆಯನ್ನು ಇ7ಕ್ಕೆ ಹಿಂದೆಗೆದಿದ್ದರು. ಲಾಸ್ಕರರ ಉತ್ತರ ಆ ಆಟದಲ್ಲಿ ಪರೀಕ್ಷೆಗೆ ಒಳಗಾಗಲೇ ಇಲ್ಲ, ಹಾಗಾಗಿ ಅದರ ಮೌಲ್ಯವೂ ಕುಗ್ಗಲಿಲ್ಲ.

ಹೀಗಾಗಿ ಆರಂಭ ಸಿದ್ಧಾಂತದ ಇತಿಹಾಸಕಾರರು ಗೆಲುವು-ಸೋಲಿನ ಪಟ್ಟಿಯಾಚೆಗೆ ನೋಡಬೇಕು. ಯಾವ ಸ್ಥಿತಿಯಲ್ಲಿ, ಯಾವ ನಡೆಯನ್ನು, ಎಷ್ಟು ಯೋಚಿಸಿ ಆಡಲಾಯಿತು ಎಂದು ದಾಖಲಿಸಿದಾಗ ಮಾತ್ರ ಒಂದು ವಿಚಾರದ ಬಗ್ಗೆ ನ್ಯಾಯವಾದ ತೀರ್ಪು ಸಾಧ್ಯ.