ಬಾಸ್ಟನ್ನಿನ ಸೂತ್ರ, ಬೆಂಗಳೂರಿನ ಅಳತೆ: ದೈನಿಕ ಕ್ಯಾಲೊರಿ ಅಂದಾಜಿನ ಇತಿಹಾಸದ ಒಂದು ಅಧ್ಯಾಯ

ಒಬ್ಬ ವ್ಯಕ್ತಿ ದಿನಕ್ಕೆ ಎಷ್ಟು ಕ್ಯಾಲೊರಿ ವ್ಯಯಿಸುತ್ತಾನೆಂದು ನೇರವಾಗಿ ಅಳೆಯುವುದು ದುಬಾರಿ ಕೆಲಸ. ಹಾಗಾಗಿ ಎಲ್ಲೆಡೆ ಬಳಕೆಯಲ್ಲಿರುವುದು ಅಂದಾಜು. ರಾತ್ರಿಯ ಉಪವಾಸದ ನಂತರ, ಎಚ್ಚರವಿದ್ದೂ ಅಲುಗಾಡದೆ ಮಲಗಿದ ದೇಹ ಬಳಸುವ ಶಕ್ತಿಗೆ ಮೂಲ ಚಯಾಪಚಯವೆಂದು ಹೆಸರು. ಅದನ್ನು ಸೂತ್ರದಿಂದ ಲೆಕ್ಕಹಾಕಿ, ದುಡಿಮೆಗೆ ತಕ್ಕ ಗುಣಾಂಕದಿಂದ ಗುಣಿಸಿದರೆ ದಿನದ ವ್ಯಯ ಸಿಗುತ್ತದೆ. ಈ ಸೂತ್ರಗಳು ಯಾರ ದೇಹಗಳನ್ನು ಅಳೆದು ಹುಟ್ಟಿದವು, ಭಾರತೀಯರಿಗೆ ಅನ್ವಯಿಸಿದಾಗ ಏನಾಯಿತು ಎಂಬುದೇ ಇಲ್ಲಿನ ಪ್ರಶ್ನೆ.

ಉಸಿರಾಟವೂ ಒಂದು ಬಗೆಯ ದಹನವೆಂದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲವೋಸಿಯೆ ತೋರಿಸಿದ್ದು 18ನೆಯ ಶತಮಾನದ ಕೊನೆಗೆ. ಆದರೆ ಇಂದಿಗೂ ಉಲ್ಲೇಖಗೊಳ್ಳುವ ಸೂತ್ರ ಬಂದದ್ದು 1919ರಲ್ಲಿ. ಬಾಸ್ಟನ್ನಿನ ಪೌಷ್ಟಿಕತಾ ಪ್ರಯೋಗಾಲಯದ ಫ್ರಾನ್ಸಿಸ್ ಬೆನೆಡಿಕ್ಟ್ ಮತ್ತು ಆರ್ಥರ್ ಹ್ಯಾರಿಸ್ 136 ಗಂಡಸರು, 103 ಹೆಂಗಸರು, 94 ಶಿಶುಗಳ ಅಳತೆಗಳನ್ನು ಸಂಖ್ಯಾಶಾಸ್ತ್ರದಿಂದ ವಿಶ್ಲೇಷಿಸಿ, ತೂಕ, ಎತ್ತರ, ವಯಸ್ಸು ತಿಳಿದರೆ ಮೂಲ ಚಯಾಪಚಯವನ್ನು ಊಹಿಸಬಹುದೆಂದರು. ಇಷ್ಟು ಚಿಕ್ಕ ಗುಂಪಿನಿಂದ ಹೊರಟ ಸೂತ್ರ ಜಗತ್ತಿನ ಆಸ್ಪತ್ರೆಗಳನ್ನು ಸೇರಿತು.

ಅದರಲ್ಲಿ ಒಂದು ಬಿರುಕು ಕಂಡದ್ದು ನಮ್ಮ ನೆರೆಯಲ್ಲೇ. ಮದ್ರಾಸಿನಲ್ಲಿದ್ದ ಎಲಿನರ್ ಮೇಸನ್ ಅದೇ ಬೆನೆಡಿಕ್ಟ್ ಜೊತೆಗೂಡಿ ದಕ್ಷಿಣ ಭಾರತದ ಮಹಿಳೆಯರ ಮೂಲ ಚಯಾಪಚಯದ ಬಗ್ಗೆ 1931ರಲ್ಲಿ ಪ್ರಕಟಿಸಿದ ಅಳತೆಗಳು ಪಾಶ್ಚಾತ್ಯ ಮಾನದಂಡಕ್ಕಿಂತ ಗಣನೀಯವಾಗಿ ಕೆಳಗಿದ್ದವು. ಕಾರಣವೇನು? ಉಷ್ಣವಲಯದ ಹವೆ, ಆಹಾರ, ಜನಾಂಗ ಎಂಬ ಉತ್ತರಗಳು ದಶಕಗಳ ಕಾಲ ಓಡಾಡಿದವು. ನನ್ನ ದೃಷ್ಟಿಯಲ್ಲಿ ಜನಾಂಗವೆಂಬ ಉತ್ತರ ಹೆಚ್ಚು ಹಾನಿ ಮಾಡಿತು. ಅದು ಮುಂದೆ ಹುಡುಕುವ ಅಗತ್ಯವನ್ನೇ ಅಳಿಸುತ್ತದೆ.

1985ರ ವಿಶ್ವಸಂಸ್ಥೆಯ ತಜ್ಞ ವರದಿ ಅಳವಡಿಸಿಕೊಂಡ ಸ್ಕೋಫೀಲ್ಡ್ ಸಮೀಕರಣಗಳಿಗೆ ಸುಮಾರು 7,000 ಅಳತೆಗಳ ಆಧಾರವಿತ್ತು. ಅವುಗಳಲ್ಲಿ ಅರ್ಧದ ಹತ್ತಿರ ಇಟಲಿಯವರದು. 60 ಕಿಲೋ ತೂಕದ ತರುಣನಿಗೆ ಸ್ಕೋಫೀಲ್ಡ್ ಸಮೀಕರಣ ಸುಮಾರು 1,595 ಕ್ಯಾಲೊರಿಯ ಮೂಲ ಚಯಾಪಚಯ ಹೇಳುತ್ತದೆ. ಭಾರತೀಯರಿಗೆ ಇದು ಹೆಚ್ಚೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶೇ. 5ರಷ್ಟು ತಗ್ಗಿಸಿತು; ಅದೇ ತರುಣನಿಗೆ ಆಗ 1,515. ಮಂಡಳಿಯ 2010ರ ವರದಿಯಲ್ಲಿ ಕುಳಿತು ಮಾಡುವ ಕೆಲಸದ ಗುಣಾಂಕ 1.53, ಆದ್ದರಿಂದ ದಿನಕ್ಕೆ ಸುಮಾರು 2,320 ಕ್ಯಾಲೊರಿ.

ಮೂಲ ಚಯಾಪಚಯದಲ್ಲಿ ಎಂಬತ್ತು ಕ್ಯಾಲೊರಿಯ ಈ ಕಡಿತ ಅಲ್ಪವೆನಿಸಬಹುದು. ಆದರೆ ಯೋಜನಾ ಆಯೋಗದ 1979ರ ಕಾರ್ಯಪಡೆ ಬಡತನ ರೇಖೆಯನ್ನೇ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕ್ಯಾಲೊರಿಗಳ ಮೇಲೆ ಎಳೆದಿತ್ತು. ದೇಹ ಕಡಿಮೆ ಊಟಕ್ಕೆ ತನ್ನನ್ನು ಹೊಂದಿಸಿಕೊಳ್ಳಬಲ್ಲದೆಂದು ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ವಾದಿಸಿದಾಗ, ಹಸಿದವರ ಎಣಿಕೆಯೇ ಚರ್ಚೆಗೆ ಬಿತ್ತು.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಕೆಲಸಕ್ಕೆ ತೂಕ ಬರುವುದು ಈ ಹಿನ್ನೆಲೆಯಲ್ಲಿ. ಪಿ. ಎಸ್. ಶೆಟ್ಟಿ, ಎಂ. ಜೆ. ಸೋರೆಸ್ ಮತ್ತು ಸಂಗಡಿಗರು ಚೆನ್ನಾಗಿ ಉಂಡವರನ್ನೂ ದೀರ್ಘಕಾಲ ಅರೆಹೊಟ್ಟೆಯಲ್ಲಿದ್ದವರನ್ನೂ ಅಳೆದರು. 1993ರಲ್ಲಿ ಭಾರತೀಯ ಗಂಡಸರಿಗೆ ಪ್ರತ್ಯೇಕ ಸಮೀಕರಣಗಳು ಬಂದವು. ನ್ಯೂನಪೋಷಿತರ ಒಟ್ಟು ಮೂಲ ಚಯಾಪಚಯ ಕಡಿಮೆ ಇದ್ದದ್ದು ನಿಜ. ದೇಹದ ಕೊಬ್ಬು ಮತ್ತು ಕೊಬ್ಬುರಹಿತ ಅಂಶವನ್ನು ಬೇರ್ಪಡಿಸಿ ನೋಡಿದಾಗ, ಮಿತವ್ಯಯದ ವಿಶೇಷ ಶಕ್ತಿ ಎಂದು ತೋರಿದ್ದರ ಬಹುಪಾಲು ಕರಗಿತು. ದೇಹ ಜಾಣತನದಿಂದ ಉಳಿತಾಯ ಮಾಡುತ್ತಿರಲಿಲ್ಲ, ಅದು ಬಡವಾಗಿತ್ತು. 1998ರಲ್ಲಿ ಭಾರತ ಮತ್ತು ಆಸ್ಟ್ರೇಲಿಯಾದ ಅಳತೆಗಳನ್ನು ಹೋಲಿಸಿದ ಇದೇ ಬಳಗದ ಪ್ರಬಂಧ, ದೇಹರಚನೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಜನಾಂಗದ ಪ್ರಭಾವಕ್ಕೆ ಪುರಾವೆಯಿಲ್ಲವೆಂದಿತು.

ಹಾಗೆಂದ ಮೇಲೆ ಶೇ. 5ರ ಕಡಿತವನ್ನು ಭಾರತೀಯತೆಯ ಗುರುತೆಂದು ಓದಲಾಗದು. ಅದು ಸರಾಸರಿ ಭಾರತೀಯನ ಮೈಯಲ್ಲಿ ಸ್ನಾಯು ಕಡಿಮೆ ಇರುವುದರ ಲೆಕ್ಕ; ಉಣಿಸು, ದುಡಿಮೆ ಬದಲಾದಂತೆ ಬದಲಾಗಬಲ್ಲದ್ದು. ಮಂಡಳಿಯ 2020ರ ಪರಿಷ್ಕರಣೆಯಲ್ಲಿ ಮಾದರಿ ಪುರುಷನ ತೂಕ 65 ಕಿಲೋಗೆ ಏರಿತು, ಕುಳಿತು ದುಡಿಯುವವನ ಗುಣಾಂಕ 1.4ಕ್ಕೆ ಇಳಿಯಿತು, ಅವನ ದಿನದ ಅಗತ್ಯ 2,110 ಕ್ಯಾಲೊರಿಯಾಯಿತು.