ಬಲಂ ಸೀಮೆಗೆ ಬಂದ ಮೇಸನ್

ಆಲೂರು, ಸಕಲೇಶಪುರಗಳ ನೆರೆಯ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವನ ಆಲಯದ ಮದನಿಕೆಯರ ಪಾದಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಂತಮ್ಮ ಹೆಸರುಗಳನ್ನು, ಬಿರುದುಗಳ ಸಮೇತ, ಯಾವ ಸಂಕೋಚವೂ ಇಲ್ಲದೆ ಕೊರೆದಿಟ್ಟಿರುವರು. ಅದಾದ ಸರಿಯಾಗಿ ಆರುನೂರು ವರ್ಷಗಳಿಗೆ, 1717ರಲ್ಲಿ, ಲಂಡನ್ನಿನ ನಾಲ್ಕು ಲಾಡ್ಜುಗಳು ಕೂಡಿ ಸ್ಥಾಪಿಸಿದ ಗ್ರ್ಯಾಂಡ್ ಲಾಡ್ಜಿನ ಫ್ರೀಮೇಸನ್ನರೆಂಬ ಗುಪ್ತಸಂಘದವರು, ಕಲ್ಲುಕುಟಿಗರ ಕೈವಾರ, ಮೂಲೆಮಟ್ಟ, ಕರಣೆಗಳನ್ನೇ ಶೀಲದ ಸಂಕೇತಗಳನ್ನಾಗಿ ಎತ್ತಿಕೊಂಡರಾದರೂ, ಸಹಿಯ ಆ ಬಿಚ್ಚುಮನಸ್ಸನ್ನು ಮಾತ್ರ ಎತ್ತಿಕೊಳ್ಳದೆ, ಬಾಗಿಲನ್ನು ಭದ್ರವಾಗಿ ಮುಚ್ಚಿಕೊಂಡರು.

ಆ ಸಂಘದವನೊಬ್ಬನು ಈ ಮಲೆಗಳಿಗೆ ಬಂದದ್ದು ಕಟ್ಟುವುದಕ್ಕಲ್ಲ. ಟಿಪ್ಪುವಿನ ಪತನಾನಂತರವೂ ಯಾರಿಗೂ ಮಣಿಯದೆ ಅಡವಿಯ ಆಸರೆಯಲ್ಲಿ ಸೆಟೆದುನಿಂತಿದ್ದ ಬಲಂ ಸೀಮೆಯ ಪಾಳೆಯಗಾರನ ಮೇಲೆ 1802ರ ಜನವರಿಯಲ್ಲಿ ದಂಡೆತ್ತಿ ಬಂದು, ಅರಕೆರೆಯ ನೆಲೆಯನ್ನು ಹಿಡಿದು, ಕೈಸೆರೆಯಾದ ಅವನನ್ನು ಗಲ್ಲಿಗೇರಿಸಿದ ಆರ್ಥರ್ ವೆಲ್ಲೆಸ್ಲಿಯು, 1790ರ ಡಿಸೆಂಬರಿನಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಟ್ರಿಮ್ ಪಟ್ಟಣದ 494ನೆಯ ಲಾಡ್ಜಿನಲ್ಲಿ ದೀಕ್ಷೆ ಪಡೆದವನಾಗಿದ್ದನು; ಅವನ ತಂದೆಯಂತೂ ಐರ್ಲೆಂಡಿನ ಗ್ರ್ಯಾಂಡ್ ಮಾಸ್ಟರನೇ ಆಗಿದ್ದವನು. ಆದರೆ ವೆಲ್ಲಿಂಗ್ಟನ್ನಿನ ಡ್ಯೂಕನಾಗಿ ಮುಪ್ಪಡರಿದ ಮೇಲೆ, 1851ರಲ್ಲಿ, ಈ ವಿಚಾರವಾಗಿ ಪ್ರಶ್ನೆ ಬಂದಾಗ, ತಾನು ಮೇಸನ್ ಆದ ನೆನಪೇ ತನಗಿಲ್ಲವೆಂದು ಉತ್ತರವಿತ್ತನಂತೆ. ಸಹೋದರತ್ವದ ಪ್ರತಿಜ್ಞೆಯನ್ನು ಇಷ್ಟು ಸಲೀಸಾಗಿ ಮರೆಯಬಹುದಾದರೆ ಅದರ ಗುಟ್ಟಿಗೆ ಅಷ್ಟೊಂದು ಕಾವಲೇಕೆಂದು ನನಗೆ ಅನ್ನಿಸಿದ್ದುಂಟು.

ಕತ್ತಿಯ ಹಿಂದೆ ಕಾಫಿ ಬಂದಿತು. 1843ರಲ್ಲಿ ಫ್ರೆಡರಿಕ್ ಗ್ರೀನನು ಇದೇ ಸೀಮೆಯ ಮಂಜರಾಬಾದಿನಲ್ಲಿ ತೋಟ ತೆರೆದನು; ಮುಂದಿನ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ಟನು ಈ ಬಾಳುವೆಯನ್ನು ಗ್ರಂಥಸ್ಥಗೊಳಿಸಿದನು. ಆದರೆ ಹೀಗೆ ಚದುರಿದ ತೋಟಗಾರರ ನಡುವೆ ಲಾಡ್ಜೊಂದನ್ನು ಕಟ್ಟುವುದು ಸುಲಭವಲ್ಲ: ಅದಕ್ಕೆ ಕನಿಷ್ಠ ಏಳು ಮಂದಿ ಮಾಸ್ಟರ್ ಮೇಸನ್ನರು ಅರ್ಜಿ ಹಾಕಿ ಗ್ರ್ಯಾಂಡ್ ಲಾಡ್ಜಿನಿಂದ ಸನ್ನದು ಪಡೆಯಬೇಕು. ಹಳ್ಳಿಗಾಡಿನ ಲಾಡ್ಜುಗಳು, ಕುದುರೆಯೇರಿ ಮನೆಗೆ ಮರಳುವವರಿಗೆ ದಾರಿ ಕಾಣಲೆಂದು, ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿದ್ದವು. ಮಂಜಿಗೇ ಹೆಸರಾದ ಮಂಜರಾಬಾದಿನಲ್ಲಿ, ಹೇಮಾವತಿಯು ಉಕ್ಕಿ, ಇಂಬಳಗಳು ಕಾಲಿಗಡರುವ ಮಳೆಗಾಲದ ನಾಲ್ಕು ತಿಂಗಳು ಹುಣ್ಣಿಮೆಯಿದ್ದೂ ಏನು ಫಲ? ಎರಡು ಬಂಗಲೆಗಳ ನಡುವೆ ಹರದಾರಿಗಟ್ಟಲೆ ಕಾಡಿರುವೆಡೆ, ಮನುಷ್ಯರ ಮುಖ ಕಾಣುವ ಹಂಬಲವನ್ನು ತೋಟದ ದೊರೆಗಳು ಸಕಲೇಶಪುರದ ಮಂಜರಾಬಾದ್ ಕ್ಲಬ್ಬಿನಲ್ಲಿ ತೀರಿಸಿಕೊಂಡರು. ಕೂಲಿ, ಕಾನೂನುಗಳ ವ್ಯವಹಾರಕ್ಕಾದರೋ 1893ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ತೋಟಗಾರರ ಸಂಯುಕ್ತ ಸಂಘವು ಹುಟ್ಟಿತು.

ಯಾರನ್ನು ಒಳಗೆ ಬಿಡಬೇಕೆಂಬ ಬಾಗಿಲಿನ ಪ್ರಶ್ನೆಯು ಮೇಸನ್ನರನ್ನು ಬಿಡಲಿಲ್ಲ. ಆರ್ಕಾಟಿನ ನವಾಬನ ಮಗ ಉಮ್ದತ್-ಉಲ್-ಉಮರಾನಿಗೆ ತಿರುಚಿರಾಪಳ್ಳಿಯಲ್ಲಿ ಹದಿನೆಂಟನೆಯ ಶತಮಾನದಲ್ಲೇ ದೀಕ್ಷೆ ದೊರೆಯಿತು, ಅವನು ರಾಜಪುತ್ರನಷ್ಟೆ. ಹಿಂದೂಗಳ ವಿಷಯದಲ್ಲಾದರೋ, ಅನೇಕ ದೇವತೆಗಳನ್ನು ಪೂಜಿಸುವವನು ಏಕಮಾತ್ರ ವಿಶ್ವಶಿಲ್ಪಿಯ ಹೆಸರಿನಲ್ಲಿ ಆಣೆಯಿಡಬಲ್ಲನೆ ಎಂಬ ತಕರಾರಿನಿಂದಾಗಿ, ಕಲ್ಕತ್ತೆಯ ಪಿ. ಸಿ. ದತ್ತರು ವರ್ಷಗಟ್ಟಲೆ ಹೋರಾಡಿ 1872ರಲ್ಲಿ ಒಳಹೊಕ್ಕರು. ವಿಶ್ವವನ್ನೇ ಶಿಲ್ಪಿಯೊಬ್ಬನ ಕೃತಿಯೆಂದು ಭಾವಿಸುವ ಸಂಘವು ದಾಸೋಜನ ವಂಶಜರಿಗೆ ಈ ಪ್ರಶ್ನೆ ಕೇಳಿದ್ದು ವಿಚಿತ್ರವೇ ಸರಿ. 1961ರ ನವೆಂಬರ್ 24ರಂದು ಭಾರತದ ಗ್ರ್ಯಾಂಡ್ ಲಾಡ್ಜು ದೆಹಲಿಯಲ್ಲಿ ಸ್ಥಾಪಿತವಾಗಿ, ರಾಮಪುರದ ನವಾಬ ರಜಾ ಅಲಿ ಖಾನರು ಪ್ರಥಮ ಗ್ರ್ಯಾಂಡ್ ಮಾಸ್ಟರರಾದರು. ಈ ದೇಶದ ಲಾಡ್ಜುಗಳ ಪೀಠದ ಮೇಲೆ ಈಗ ಬೈಬಲ್ಲು, ಗೀತೆ, ಕುರಾನುಗಳನ್ನು ಒಂದರ ಮಗ್ಗುಲಿಗೊಂದು ತೆರೆದಿಡುವರು. ದೀಕ್ಷಿತನಾಗುವವನು ತನಗೆ ಪವಿತ್ರವಾದುದರ ಮೇಲೆ ಕೈಯಿಟ್ಟು ಆಣೆಮಾಡುವನು.